ವಾಸನೆ ರಕ್ತವನ್ನು ಮುಟ್ಟುವ ದಾರಿ

ಮೇ ತಿಂಗಳ ಕೊನೆಯಲ್ಲಿ ಹಾರವಾಡಕ್ಕೆ ಎರಡು ವಾಸನೆ. ಪಡುವಣ ದಂಡೆಯಿಂದ ಬರುವುದು ಒಣಮೀನಿನದು; ಮಳೆಗಾಲದ ಊಟಕ್ಕೆಂದು ಬಿಸಿಲಿಗೆ ಹರವಿದ ಮೀನಿನ ಮೇಲಿಂದ ಕಡಲಗಾಳಿ ಅದನ್ನು ಎತ್ತಿಕೊಂಡು ಬರುತ್ತದೆ. ಇನ್ನೊಂದು ಹೆದ್ದಾರಿಯಾಚೆ, ಗುಡ್ಡದ ಬುಡದ ಮನೆಗಳಿಂದ ಇಳಿದು ಬರುವ ಮಾವಿನ ಹಣ್ಣಿನದು. ಅಂಕೋಲೆ ಸೀಮೆಯ ಕರಿ ಇಶಾಡು ಪಕ್ವವಾಗುವ ದಿನಗಳವು. ತೆಳು ಸಿಪ್ಪೆ, ತುಂಬು ರಸ, ಹೆಚ್ಚು ದಿನ ತಡೆಯದ ಹಣ್ಣು. 2023ರಲ್ಲಿ ಅದಕ್ಕೆ ಭೌಗೋಳಿಕ ಮಾನ್ಯತೆ ಸಿಕ್ಕಿತು. ಊರವರಿಗೆ ಅದರ ಗುರುತು ಮೂಗಿನಲ್ಲಿಯೇ ಇತ್ತು.

ನನ್ನ ಅತ್ತೆಯ ಮನೆಯಲ್ಲಿ ಕತ್ತಲೆ ಕೋಣೆಯೊಂದರಲ್ಲಿ ಹುಲ್ಲು ಹಾಸಿ ಕಾಯಿ ಮುಚ್ಚಿಡುತ್ತಿದ್ದರು. ಹಣ್ಣಾಯಿತೇ ಎಂದು ತಿಳಿಯಲು ಅತ್ತೆ ಹುಲ್ಲು ಸರಿಸುತ್ತಿರಲಿಲ್ಲ. ಬಾಗಿಲು ತೆರೆದು, ಒಳಗೆ ಬಿದ್ದ ಬೆಳಕಿನ ಕೋಲಿನಲ್ಲಿ ಏನು ಹಾರುತ್ತದೆ ಎಂದು ನೋಡುತ್ತಿದ್ದರು. "ನುಸಿ ಬಂದದೆ ತಮಾ, ಹಣ್ಣಾಯ್ತು" ಎನ್ನುತ್ತಿದ್ದರು. ಅವರ ಮಾತು ತಪ್ಪಿದ ನೆನಪು ನನಗಿಲ್ಲ. ಎಳ್ಳಿನ ಕಾಳಿನಷ್ಟು ಮೈ, ಅದಕ್ಕೆ ಕೆಂಪು ಕಣ್ಣು. ಹುಲ್ಲಿನ ಅಡಿಯ ಹಣ್ಣಿನ ವಾಸನೆ ನಮಗೆ ಹತ್ತುವ ಮೊದಲೇ ಅವಕ್ಕೆ ಹತ್ತಿರುತ್ತಿತ್ತು.

ಮಾವಿನ ಸಿಪ್ಪೆ ಕೊರೆದು ಮೊಟ್ಟೆಯಿಟ್ಟು ಹಣ್ಣನ್ನು ಹುಳ ಮಾಡುವ ನೊಣ ಬೇರೆ. ಅದು ದೊಡ್ಡದು, ರೈತನ ಶತ್ರು. ಈ ನುಸಿ ಒಡೆದ, ಕಳಿತ ಹಣ್ಣಿನ ಮೇಲೆ ಹುಟ್ಟುವ ಹುದುಗನ್ನು ತಿಂದು ಬದುಕುವಂಥದ್ದು. ವಿಜ್ಞಾನಿಗಳು ಇದರ ಕುಲವನ್ನು ಡ್ರೊಸೊಫಿಲ ಎನ್ನುತ್ತಾರೆ. ಒಂದು ನೂರು ವರ್ಷಕ್ಕೂ ಮೀರಿ ಪ್ರಯೋಗಾಲಯಗಳಲ್ಲಿ ಇದನ್ನು ಸಾಕುತ್ತಿದ್ದಾರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಡ್ರೊಸೊಫಿಲ ತಳಿಗಳ ಭಂಡಾರವೇ ಇದೆ. ನಾನು ಈ ಅಧ್ಯಾಯದಲ್ಲಿ ಹೇಳಹೊರಟಿರುವುದು ಈ ನುಸಿಯ ಮೂಗಿಗೂ ಅದರ ರಕ್ತಕ್ಕೂ ಇರುವ ನಂಟನ್ನು. ಅಮೆರಿಕದಲ್ಲಿ ಶುರುವಾಗಿ ಬೆಂಗಳೂರಿನ ಪ್ರಯೋಗಾಲಯಗಳಲ್ಲಿ ಇನ್ನಷ್ಟು ಬಿಡಿಸಿಕೊಂಡ ಗಂಟು ಇದು. ನಮ್ಮದೇ ಮೂಳೆಯೊಳಗೆ ರಕ್ತ ಹುಟ್ಟುವ ಬಗೆಯನ್ನು ನಾವು ನೋಡುವ ರೀತಿಯನ್ನು ಇದು ಬದಲಿಸಿದೆ ಎಂದು ನನಗನ್ನಿಸುತ್ತದೆ.

ಅಲ್ಲಿಗೆ ಹೋಗುವ ಮೊದಲು ನಮ್ಮ ರಕ್ತದ ಲೆಕ್ಕ ನೋಡಬೇಕು. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಪ್ಲೇಟ್‌ಲೆಟ್ ಎಂಟು ಹತ್ತು ದಿನ ಇದ್ದರೆ ಹೆಚ್ಚು. ಬ್ಯಾಕ್ಟೀರಿಯಾ ಬಂದಲ್ಲಿಗೆ ಮೊದಲು ಓಡುವ ಬಿಳಿ ಕಣ ನ್ಯೂಟ್ರೋಫಿಲ್, ರಕ್ತದಲ್ಲಿ ಅದರ ಬಾಳು ಗಂಟೆಗಳಲ್ಲಿ ಎಣಿಸುವಷ್ಟೇ. ಸಾಯುವುದು ಇಷ್ಟು ವೇಗದಲ್ಲಿದ್ದರೆ ಹುಟ್ಟುವುದೂ ಅಷ್ಟೇ ವೇಗದಲ್ಲಿರಬೇಕು. ವಯಸ್ಕರ ದೇಹ ದಿನಕ್ಕೆ ಸುಮಾರು 20,000 ಕೋಟಿ ಕೆಂಪು ಕಣಗಳನ್ನು ತಯಾರಿಸುತ್ತದೆ. ಈ ಸಾಲನ್ನು ನೀವು ಓದಿ ಮುಗಿಸುವ ಹೊತ್ತಿಗೆ ನಿಮ್ಮ ಎದೆಮೂಳೆ, ಸೊಂಟದ ಮೂಳೆ, ಬೆನ್ನೆಲುಬಿನ ಮಣಿಗಳೊಳಗೆ ಒಂದು ಕೋಟಿಯಷ್ಟು ಹೊಸ ಕಣಗಳು ಹುಟ್ಟಿರುತ್ತವೆ.

ಮೂಳೆಯೊಳಗಿನ ಮಜ್ಜೆಯೇ ರಕ್ತದ ತವರು ಎಂದು 1868ರಲ್ಲಿ ಮೊದಲು ಹೇಳಿದವರು ಕ್ಯೋನಿಗ್ಸ್‌ಬರ್ಗ್‌ನ ಅರ್ನ್‌ಸ್ಟ್ ನಾಯ್ಮನ್. ಆಗ ಹಲವರು ನಂಬಲಿಲ್ಲ. ಎಲುಬಿನ ಕೊಳವೆಯೊಳಗಿನ ಆ ಮೆತ್ತನೆಯ ತಿರುಳಿಗೂ ಹರಿಯುವ ರಕ್ತಕ್ಕೂ ಏನು ಸಂಬಂಧ ಎಂಬ ಪ್ರಶ್ನೆ ಅವರದು. ಆ ಸಂಬಂಧ ಎಷ್ಟು ಗಟ್ಟಿ ಎಂಬುದನ್ನು ಜಗತ್ತು ಕಂಡದ್ದು ಹಿರೋಶಿಮಾ, ನಾಗಸಾಕಿಗಳ ನಂತರ. ಬಾಂಬಿನ ಬೆಂಕಿಯಿಂದ ಪಾರಾದವರು ವಾರಗಳ ಮೇಲೆ ರಕ್ತಸ್ರಾವದಿಂದಲೂ ಸೋಂಕಿನಿಂದಲೂ ಸತ್ತರು. ವಿಕಿರಣ ಅವರ ಮಜ್ಜೆಯನ್ನು ಸುಟ್ಟಿತ್ತು. ವಿಕಿರಣ ಎಂಬ ಮಾತು ನಮ್ಮ ಸೀಮೆಗೆ ಹೊಸದಲ್ಲ. ಕಾಳಿ ನದಿಯ ದಂಡೆಯ ಕೈಗಾದಲ್ಲಿ 2000ದಿಂದ ಅಣುವಿದ್ಯುತ್ ತಯಾರಾಗುತ್ತಿದೆ. ಅದರ ಕುರಿತ ಭಯವೂ ಚರ್ಚೆಯೂ ಕಾರವಾರದ ಪ್ರತಿ ಮನೆಯಲ್ಲಿ ಒಂದಲ್ಲ ಒಂದು ದಿನ ನಡೆದಿರುತ್ತದೆ. ವಿಕಿರಣ ದೇಹದಲ್ಲಿ ಮೊದಲು ಹೊಡೆಯುವ ಜಾಗಗಳಲ್ಲಿ ಮಜ್ಜೆ ಒಂದು. ಸದಾ ಒಡೆದು ಎರಡಾಗುತ್ತಿರುವ ಕೋಶಗಳು ಅಲ್ಲಿ ಕಿಕ್ಕಿರಿದಿರುವುದೇ ಅದಕ್ಕೆ ಕಾರಣ.

ಬಾಂಬು ಹುಟ್ಟಿಸಿದ ಭಯದಿಂದಲೇ ಶೋಧವೂ ಹುಟ್ಟಿತು. 1949ರಲ್ಲಿ ಶಿಕಾಗೋದ ಲಿಯಾನ್ ಜೇಕಬ್‌ಸನ್ ಇಲಿಯ ಗುಲ್ಮಕ್ಕೆ ಸೀಸದ ಹೊದಿಕೆ ಹಾಕಿ ಉಳಿದ ಮೈಗೆ ಮಾರಕ ವಿಕಿರಣ ಹಾಯಿಸಿದರು. ಇಲಿ ಬದುಕಿತು. ಮುಚ್ಚಿಟ್ಟ ಗುಲ್ಮದಲ್ಲಿ ಉಳಿದ ಏನೋ ಒಂದು ಇಡೀ ರಕ್ತವನ್ನು ಮತ್ತೆ ಕಟ್ಟಿತ್ತು. ಆ ಏನೋ ಒಂದಕ್ಕೆ ಟೊರಾಂಟೊದ ಜೇಮ್ಸ್ ಟಿಲ್ ಮತ್ತು ಅರ್ನೆಸ್ಟ್ ಮೆಕಲಕ್ 1961ರಲ್ಲಿ ಸಾಕ್ಷಿ ಒದಗಿಸಿದರು. ವಿಕಿರಣಕ್ಕೆ ಸಿಕ್ಕ ಇಲಿಗಳಿಗೆ ಬೇರೆ ಇಲಿಯ ಮಜ್ಜೆ ಚುಚ್ಚಿದ್ದರು. ಹತ್ತು ದಿನದ ಮೇಲೆ, ಒಂದು ಭಾನುವಾರ, ಮೆಕಲಕ್ ಆ ಇಲಿಗಳನ್ನು ಕೊಯ್ದು ನೋಡಿದಾಗ ಗುಲ್ಮದ ಮೇಲೆ ಸಣ್ಣ ಗಂಟುಗಳೆದ್ದಿದ್ದವು. ಹೆಚ್ಚು ಮಜ್ಜೆ ಚುಚ್ಚಿದಲ್ಲಿ ಹೆಚ್ಚು ಗಂಟು, ಕಡಿಮೆ ಚುಚ್ಚಿದಲ್ಲಿ ಕಡಿಮೆ. ಒಂದೊಂದು ಗಂಟೂ ಒಂದೇ ಕೋಶದ ಸಂತಾನ ಎಂದು ಮುಂದೆ ರುಜುವಾಯಿತು. ಕೆಂಪು, ಬಿಳಿ, ಪ್ಲೇಟ್‌ಲೆಟ್ ಎಲ್ಲಕ್ಕೂ ಒಂದೇ ತಾಯಿ. ಅದನ್ನು ನಾವು ಕನ್ನಡದಲ್ಲಿ ರಕ್ತದ ಆಕರಕೋಶ ಎನ್ನುತ್ತೇವೆ.

ಇಲ್ಲಿ ಓದುಗರು ಒಂದು ತಪ್ಪು ಚಿತ್ರ ಕಟ್ಟಿಕೊಳ್ಳುವ ಸಾಧ್ಯತೆಯಿದೆ. ಇಷ್ಟು ಕೋಟಿ ಕಣಗಳನ್ನು ಹೆರುವ ತಾಯಿಕೋಶ ಬಿಡುವಿಲ್ಲದೆ ದುಡಿಯುತ್ತಿರಬೇಕು ಎಂದು. ಹಾಗಿಲ್ಲ. ಆಕರಕೋಶ ಬಲು ನಿಧಾನಿ. ನಮ್ಮಲ್ಲಿ ಅದು ತಿಂಗಳುಗಟ್ಟಲೆ ಸುಮ್ಮನಿದ್ದು ಯಾವಾಗಲೋ ಒಮ್ಮೆ ಎರಡಾಗುತ್ತದೆ. ಒಬ್ಬ ವ್ಯಕ್ತಿಯಲ್ಲಿ ರಕ್ತ ಕಟ್ಟುವ ಕೆಲಸಕ್ಕೆ ಕೈಹಾಕಿರುವ ಇಂಥ ಕೋಶಗಳ ಸಂಖ್ಯೆ 50 ಸಾವಿರದಿಂದ 2 ಲಕ್ಷ ಎಂಬ ಅಂದಾಜು 2018ರಲ್ಲಿ ಬಂತು. ದಿನದ ದುಡಿಮೆಯೆಲ್ಲ ಅದರ ಮಕ್ಕಳು, ಮೊಮ್ಮಕ್ಕಳದ್ದು. ತಾಯಿ ಒಮ್ಮೆ ಎರಡಾದರೆ ಮಗಳು ಹತ್ತಾಗುತ್ತಾಳೆ, ಮೊಮ್ಮಗಳು ಸಾವಿರವಾಗುತ್ತಾಳೆ.

ನಮ್ಮ ಕಡೆಯ ಗಜನಿ ಗದ್ದೆಗಳನ್ನು ಬಲ್ಲವರಿಗೆ ಇದು ತಟ್ಟನೆ ತಿಳಿಯುತ್ತದೆ. ಉಪ್ಪುನೀರು ನುಗ್ಗುವ ಆ ಗದ್ದೆಗಳಲ್ಲಿ ಬೆಳೆಯುವುದು ಕಗ್ಗ ಎಂಬ ಗಟ್ಟಿ ಭತ್ತ. ಸುಗ್ಗಿಯಾದ ಕೂಡಲೇ ಬಿತ್ತನೆಯ ಭತ್ತವನ್ನು ಬೇರೆ ತೆಗೆದು, ಹುಲ್ಲಿನ ಹಗ್ಗ ಬಿಗಿದು, ಮುಡಿ ಕಟ್ಟಿ ಮೇಲಿಡುವುದು ಹಳೆಯ ಪದ್ಧತಿ. ಆಷಾಢದಲ್ಲಿ ಅಕ್ಕಿ ತೀರಿದರೆ ಸಾಲ ತಂದರೂ ತಂದರು, ಆ ಮುಡಿಗೆ ಕೈಹಾಕುತ್ತಿರಲಿಲ್ಲ. ಕೈಹಾಕಿದ ಮನೆಗೆ ಮುಂದಿನ ವರ್ಷದ ಗದ್ದೆ ಇಲ್ಲ. ದೇಹದ ಮುಂದಿರುವುದೂ ಇದೇ ಪ್ರಶ್ನೆ. ಇವತ್ತಿಗೆ ಬೇಕಾದ ಕಣ ಹುಟ್ಟಬೇಕು, ನಾಳೆಯ ಬೀಜವೂ ಉಳಿಯಬೇಕು. ಮುಡಿಯ ಹಗ್ಗ ಯಾರ ಕೈಯಲ್ಲಿದೆ?

1978ರಲ್ಲಿ ಇಂಗ್ಲೆಂಡಿನ ರೇಮಂಡ್ ಸ್ಕೋಫೀಲ್ಡ್ ಹೇಳಿದ್ದು, ಹಗ್ಗ ಕೋಶದ ಒಳಗಷ್ಟೇ ಇಲ್ಲ, ಅದು ಕೂತ ಗೂಡಿನಲ್ಲಿದೆ ಎಂದು. ಮಜ್ಜೆಯಲ್ಲಿ ಸಣ್ಣ ರಕ್ತನಾಳಗಳ ಸುತ್ತ ಆಕರಕೋಶವನ್ನು ಅಪ್ಪಿಕೊಂಡಿರುವ ಬೇರೆ ಕೋಶಗಳಿವೆ. ಅವು ಸಿಎಕ್ಸ್‌ಸಿಎಲ್12 ಎಂಬ ಪ್ರೋಟೀನನ್ನು ಒಸರುತ್ತವೆ. ಆಕರಕೋಶದ ಮೈಮೇಲೆ ಅದನ್ನು ಹಿಡಿಯುವ ಕೊಂಡಿಯಿದೆ. ಪ್ರೋಟೀನು ಇರುವವರೆಗೆ ಕೋಶ ಗೂಡು ಬಿಡದು. ಹಾಗಾದರೆ ಆ ಪ್ರೋಟೀನನ್ನು ಹೆಚ್ಚು ಕಡಿಮೆ ಮಾಡುವುದು ಯಾರು? 2008ರಲ್ಲಿ ನ್ಯೂಯಾರ್ಕಿನ ಪಾಲ್ ಫ್ರೆನೆಟ್ ತಂಡ ಕೊಟ್ಟ ಉತ್ತರ ಕೇಳಿ ನಾನು ಓದುತ್ತಿದ್ದ ಪುಟವನ್ನು ಮತ್ತೆ ಓದಿದ್ದೆ: ಹಗಲು ರಾತ್ರಿ. ಕಣ್ಣಿಗೆ ಬಿದ್ದ ಬೆಳಕು ಮೆದುಳಿನ ಗಡಿಯಾರಕ್ಕೆ ತಲುಪಿ, ಅಲ್ಲಿಂದ ಮೂಳೆಯೊಳಗೆ ಹೊಕ್ಕ ನರಗಳ ತುದಿಗೆ ಬಂದು, ಅಲ್ಲಿ ಒಸರುವ ನಾರ್‌ಅಡ್ರಿನಲಿನ್ ಗೂಡಿನ ಹಿಡಿತ ಸಡಿಲಿಸುತ್ತದೆ. ಒಂದಷ್ಟು ಆಕರಕೋಶಗಳು ರಕ್ತಕ್ಕೆ ಇಳಿದು ಸುತ್ತಿ ಬರುತ್ತವೆ. ಇಲಿಗಳಲ್ಲಿ ಇದು ಅವು ಮಲಗುವ ಹಗಲು ಹೊತ್ತಿನಲ್ಲಿ ಹೆಚ್ಚು, ನಮ್ಮಲ್ಲಿ ಸಂಜೆಯ ಹೊತ್ತಿಗೆ ಹೆಚ್ಚು. ಗಟ್ಟಿ ಎಲುಬಿನೊಳಗೆ, ಗಾಢ ಕತ್ತಲೆಯಲ್ಲಿ ಕೂತ ಕೋಶಕ್ಕೆ ಸೂರ್ಯ ಮುಳುಗಿದ್ದು ಗೊತ್ತಾಗುತ್ತದೆ ಎಂದಾಯಿತು.

ಈಗ ಬೆಂಗಳೂರಿಗೆ ಬರೋಣ.

ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಮನೀಷಾ ಇನಾಮದಾರ್ ಅವರ ತಂಡ 2003ರ ಹೊತ್ತಿಗೆ ಒಂದು ಹೊಸ ಜೀನನ್ನು ವಿವರಿಸಿತು. ರಕ್ತನಾಳ ಮತ್ತು ರಕ್ತ ರೂಪುಗೊಳ್ಳುವಲ್ಲಿ ಅದು ಚುರುಕಾಗಿರುತ್ತಿತ್ತು. ಅದಕ್ಕೆ ಅವರು ಇಟ್ಟ ಹೆಸರು ಅಸೃಜ್. ಸಂಸ್ಕೃತದಲ್ಲಿ ರಕ್ತ ಎಂದರ್ಥ. ಅಮರಕೋಶ ಬಾಯಿಪಾಠ ಮಾಡಿದವರಿಗೆ ಅಸೃಕ್ ಎಂಬ ರೂಪ ನೆನಪಾಗಬಹುದು. ಜಗತ್ತಿನ ಯಾವ ಮೂಲೆಯ ವಿಜ್ಞಾನಿಯಾದರೂ ನುಸಿಯ ಈ ಜೀನನ್ನು ಹೆಸರಿಸಬೇಕಾದರೆ ಈ ಮಾತನ್ನೇ ಆಡಬೇಕು. ನನಗೆ ಇದು ಸಣ್ಣ ಸಂಗತಿಯಾಗಿ ಕಾಣುವುದಿಲ್ಲ.

ಅಸೃಜ್ ಮಾಡುವ ಕೆಲಸ ತಡೆಯುವುದು. ನುಸಿಯ ಹುಳುವಿನಲ್ಲಿ ಈ ಜೀನನ್ನು ತೆಗೆದುಹಾಕಿದರೆ ರಕ್ತದ ಎಳೆಯ ಕೋಶಗಳು ಹೊತ್ತಿಗೆ ಮೊದಲೇ ಬಲಿತ ಕಣಗಳಾಗಿಬಿಡುತ್ತವೆ. ಬೀಜದ ಭತ್ತ ಅಕ್ಕಿಯಾಗಿಬಿಡುತ್ತದೆ. ಇಲಿಯಲ್ಲಿ ಏನಾಗುತ್ತದೆ ಎಂದು ಅದೇ ತಂಡ 2019ರಲ್ಲಿ ತೋರಿಸಿತು. ಪಿ53 ಎಂಬ ಪ್ರೋಟೀನ್ ಕೋಶದ ಕಾವಲುಗಾರ, ಅಡ್ಡಾದಿಡ್ಡಿ ವಿಭಜನೆಗೆ ಅಡ್ಡ ನಿಲ್ಲುತ್ತದೆ. ಈ ಕಾವಲುಗಾರನನ್ನು ಒಡೆದು ಹಾಕುವ ವ್ಯವಸ್ಥೆಯೂ ಕೋಶದಲ್ಲಿದೆ. ಅದನ್ನು ಅಸೃಜ್ ಹಿಡಿದಿಟ್ಟಿರುತ್ತದೆ. ಅಸೃಜ್ ಇಲ್ಲದ ಇಲಿಯಲ್ಲಿ ಪಿ53 ಕರಗುತ್ತದೆ, ನಿದ್ದೆಯಲ್ಲಿರಬೇಕಾದ ಆಕರಕೋಶ ಎದ್ದು ವಿಭಜನೆಗೆ ಇಳಿಯುತ್ತದೆ. ಚಿಕ್ಕ ವಯಸ್ಸಿನಲ್ಲಿ ದೊಡ್ಡ ತೊಂದರೆ ಕಾಣದು. ಇಲಿ ಮುದಿಯಾದಾಗ ಒಂದು ಜಾತಿಯ ಬಿಳಿ ಕಣಗಳು ಮಿತಿಮೀರಿ ಹೆಚ್ಚುವ, ಮನುಷ್ಯರ ರಕ್ತದ ಕಾಯಿಲೆಯನ್ನು ಹೋಲುವ ಸ್ಥಿತಿ ಬರುತ್ತದೆ. ನುಸಿಗೂ ಇಲಿಗೂ ನಡುವೆ ಕೋಟಿಗಟ್ಟಲೆ ವರ್ಷಗಳ ಅಂತರವಿದೆ. ಆದರೂ ಕಟ್ಟಿಡುವ ಹಗ್ಗ ಎರಡರಲ್ಲೂ ಒಂದೇ. ಇನಾಮದಾರ್ ಮುಂದೆ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ನಿರ್ದೇಶಕಿಯಾದರು.

ನುಸಿಯ ರಕ್ತ ಕೆಂಪಲ್ಲ. ಉಸಿರನ್ನು ಅದು ಮೈತುಂಬ ಹರಡಿದ ಸಣ್ಣ ಗಾಳಿನಾಳಗಳಲ್ಲಿ ನೇರವಾಗಿ ಕೋಶಗಳಿಗೆ ಮುಟ್ಟಿಸುವುದರಿಂದ ಆಮ್ಲಜನಕ ಹೊರುವ ಕೆಂಪು ಕಣದ ಹಂಗು ಅದಕ್ಕಿಲ್ಲ. ಅದರ ರಕ್ತದಲ್ಲಿರುವುದೆಲ್ಲ ಕಾಯುವ ಕಣಗಳೇ. ನಮ್ಮ ಬಿಳಿ ಕಣಗಳ ದೂರದ ದಾಯಾದಿಗಳು ಎನ್ನಿ. ಹುಳುವಿನ ಹಂತದಲ್ಲಿ ಅದರ ಬೆನ್ನಿನುದ್ದದ ಹೃದಯನಾಳದ ಪಕ್ಕ ಒಂದು ಪುಟ್ಟ ಗ್ರಂಥಿಯಿರುತ್ತದೆ. ಅದರ ನಡುವೆ ಇನ್ನೂ ಏನಾಗಬೇಕೆಂದು ನಿರ್ಧರಿಸದ ಎಳೆಯ ಕೋಶಗಳು, ಅಂಚಿನಲ್ಲಿ ಬಲಿತವು. ನಮ್ಮ ಮಜ್ಜೆಯ ಕಥೆಯನ್ನು ಒಂದು ಚಿಟಿಕೆಯಷ್ಟು ಜಾಗದಲ್ಲಿ ಬರೆದಂತಿದೆ. ವಿಜ್ಞಾನಿಗಳು ಈ ಹುಳುವಿನ ಹಿಂದೆ ಬಿದ್ದದ್ದು ಅದಕ್ಕೇ.

ಈ ಹುಳುವಿಗೆ ಒಬ್ಬ ಭಯಂಕರ ವೈರಿಯಿದ್ದಾನೆ. ಅದೊಂದು ಸಣ್ಣ ಕಣಜ. ಕೊಳೆತ ಹಣ್ಣಿನ ಮೇಲೆ ಬಂದು ಕೂತು, ಒಳಗೆ ಹೊರಳಾಡುವ ನುಸಿಮರಿಯ ಮೈಗೆ ಕೊಂಡಿ ಇಳಿಸಿ ತನ್ನ ಮೊಟ್ಟೆ ಇಟ್ಟು ಹೋಗುತ್ತದೆ. ಮೊಟ್ಟೆ ಒಡೆದರೆ ಕಣಜದ ಮರಿ ಆತಿಥೇಯನನ್ನು ಒಳಗಿನಿಂದ ತಿನ್ನುತ್ತದೆ. ಹುಳುವಿಗೆ ಇರುವುದು ಒಂದೇ ದಾರಿ. ಅದರ ರಕ್ತ ಎಂದೂ ತಯಾರಿಸದ ಒಂದು ಬಗೆಯ ದೊಡ್ಡ, ಚಪ್ಪಟೆ ಕಣವನ್ನು ಆಗ ತಯಾರಿಸಬೇಕು. ಆ ಕಣಗಳು ಪದರ ಪದರವಾಗಿ ಮೊಟ್ಟೆಯನ್ನು ಸುತ್ತಿ, ಕಪ್ಪು ಕಟ್ಟಿಸಿ, ಉಸಿರು ಕಟ್ಟಿಸಿ ಕೊಲ್ಲುತ್ತವೆ. ಲ್ಯಾಮೆಲ್ಲೊಸೈಟ್ ಎಂದು ಅದರ ಹೆಸರು. ಆರೋಗ್ಯವಂತ ಹುಳುವಿನಲ್ಲಿ ಅದನ್ನು ಹುಡುಕಿದರೂ ಸಿಗುವುದಿಲ್ಲ.

ಇಲ್ಲಿಂದ ಮೂಗಿನ ಕಥೆ. ನುಸಿ ವಾಸನೆ ಹಿಡಿಯುವುದು ಹೇಗೆ ಎಂಬ ಪ್ರಶ್ನೆಗೂ ನಮ್ಮ ನಾಡಿಗೂ ಹಳೆಯ ಸಂಬಂಧ. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಒಬೈದ್ ಸಿದ್ದಿಕಿ ಮತ್ತು ಅವರ ಶಿಷ್ಯೆ ವೆರೋನಿಕಾ ರೊಡ್ರಿಗಸ್ 1970ರ ದಶಕದಲ್ಲಿಯೇ ವಾಸನೆ, ರುಚಿ ಗೊತ್ತಾಗದ ನುಸಿಗಳನ್ನು ಆರಿಸಿ, ಯಾವ ಜೀನ್ ಕೆಟ್ಟರೆ ಯಾವ ವಾಸನೆ ತಪ್ಪುತ್ತದೆ ಎಂದು ಹುಡುಕಿದ್ದರು. ಸಿದ್ದಿಕಿ ಮುಂದೆ ಬೆಂಗಳೂರಿನಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಕಟ್ಟಿದರು. ಜಿಕೆವಿಕೆ ಆವರಣದ ಅದೇ ಜಾಗಕ್ಕೆ ತಾಗಿಕೊಂಡು 2009ರಲ್ಲಿ ಇನ್‌ಸ್ಟೆಮ್ ಶುರುವಾಯಿತು. ಅಲ್ಲಿ ಪ್ರಯೋಗಾಲಯ ಕಟ್ಟಿದವರಲ್ಲಿ ಟೀನಾ ಮುಖರ್ಜಿ ಒಬ್ಬರು.

ಅವರು ಅಮೆರಿಕದ ಉತ್ಪಲ್ ಬ್ಯಾನರ್ಜಿಯವರ ಪ್ರಯೋಗಾಲಯದಲ್ಲಿದ್ದಾಗ, 2013ರಲ್ಲಿ ಪ್ರಕಟವಾದ ಕೆಲಸವೊಂದರಲ್ಲಿ ಪಾಲುಗೊಂಡಿದ್ದರು. ವಾಸನೆ ಹಿಡಿಯದ ನುಸಿಮರಿಗಳ ರಕ್ತಗ್ರಂಥಿಯನ್ನು ನೋಡಿದರೆ ಎಳೆಯ ಕೋಶಗಳು ಬರಿದಾಗಿದ್ದವು. ಎಲ್ಲವೂ ಅವಸರದಲ್ಲಿ ಬಲಿತುಬಿಟ್ಟಿದ್ದವು. ಮೂಗು ಕೆಟ್ಟರೆ ರಕ್ತದ ಬೀಜ ಏಕೆ ಖರ್ಚಾಗಬೇಕು? ದಾರಿ ಹುಡುಕುತ್ತ ಹೋದಾಗ ಸಿಕ್ಕಿದ್ದು ಹೀಗೆ. ತಿನ್ನುವ ಹಣ್ಣಿನ ವಾಸನೆ ಮೂಗಿನ ನರಕೋಶಗಳನ್ನು ತಟ್ಟುತ್ತದೆ. ಸುದ್ದಿ ಮೆದುಳಿಗೆ ಹೋಗುತ್ತದೆ. ಮೆದುಳಿನಲ್ಲಿ ಕೆಲವೇ ಕೆಲವು ಕೋಶಗಳು ಗಾಬಾ ಎಂಬ ರಾಸಾಯನಿಕವನ್ನು ರಕ್ತಕ್ಕೆ ಸುರಿಯುತ್ತವೆ. ನಮ್ಮ ಮೆದುಳಿನಲ್ಲೂ ಇರುವ ವಸ್ತು ಅದು, ನರಗಳ ಕಾವನ್ನು ತಗ್ಗಿಸುವಂಥದ್ದು. ಹುಳುವಿನಲ್ಲಿ ಅದು ಹರಿದು ರಕ್ತಗ್ರಂಥಿಗೆ ಬಂದು ಎಳೆಯ ಕೋಶದ ಮೈಮೇಲಿನ ಕಿವಿಗೆ ತಾಗುತ್ತದೆ. ಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ. ಕೋಶ ಸುಮ್ಮನಿರುತ್ತದೆ. ಸುತ್ತ ಹಣ್ಣಿದೆ, ಊಟವಿದೆ, ಅವಸರವಿಲ್ಲ ಎಂಬ ಸಮಾಚಾರ ಅದಕ್ಕೆ ಮುಟ್ಟಿದೆ.

ಬೆಂಗಳೂರಿನಲ್ಲಿ ಮುಖರ್ಜಿಯವರ ತಂಡ ಇದೇ ದಾರಿಯಲ್ಲಿ ಇನ್ನೂ ಒಂದು ಹೆಜ್ಜೆ ಒಳಗೆ ಹೋಯಿತು. 2020ರಲ್ಲಿ ಅವರು ತೋರಿಸಿದ್ದು, ಎಳೆಯ ಕೋಶಗಳು ಗಾಬಾದ ಮಾತನ್ನು ಕೇಳುವುದಷ್ಟೇ ಅಲ್ಲ, ಅದನ್ನು ಒಳಗೆ ಸೆಳೆದು ಉಣ್ಣುತ್ತವೆ ಎಂದು. ಒಳಗೆ ಅದು ಒಡೆದು ಸಕ್ಸಿನೇಟ್ ಆಗುತ್ತದೆ. ಸಕ್ಸಿನೇಟ್ ಇದ್ದರೆ ಸೀಮಾ ಎಂಬ ಒಂದು ಪ್ರೋಟೀನ್ ಕರಗದೆ ಉಳಿಯುತ್ತದೆ. ಆ ಪ್ರೋಟೀನ್ ಉಳಿದ ಕೋಶಕ್ಕೆ ಮಾತ್ರ, ಕಣಜದ ಮೊಟ್ಟೆ ಒಳಬಿದ್ದ ದಿನ, ಲ್ಯಾಮೆಲ್ಲೊಸೈಟ್ ಆಗುವ ಯೋಗ್ಯತೆ. ಮೂಗು ಕೆಟ್ಟ ಹುಳು ಅದನ್ನು ಸಾಕಷ್ಟು ತಯಾರಿಸಲಾರದೆ ಸೋಲುತ್ತದೆ. ಇನ್ನೊಂದು ಪ್ರಯೋಗ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿತು. ಹುಳುಗಳನ್ನು ಕಣಜದ ವಾಸನೆಯಿರುವಲ್ಲಿ ಬೆಳೆಸಿದರು. ಕಣಜ ಅವನ್ನು ಮುಟ್ಟದಂತೆ ನೋಡಿಕೊಂಡರು. ಆ ಹುಳುಗಳ ರಕ್ತದಲ್ಲಿ ಗಾಬಾ ಏರಿತು. ಮುಂದೆ ನಿಜವಾಗಿ ಕಣಜದ ಮುಂದೆ ಬಿಟ್ಟಾಗ ಅವು ಹೆಚ್ಚು ಲ್ಯಾಮೆಲ್ಲೊಸೈಟ್‌ಗಳನ್ನು ಕಟ್ಟಿದವು. ವೈರಿಯ ವಾಸನೆ ಹತ್ತಿದ್ದಕ್ಕೇ ರಕ್ತ ಮುಡಿಯ ಹಗ್ಗ ಬಿಚ್ಚಲಿಲ್ಲ, ಆದರೆ ಬಿಚ್ಚಲು ಕೈಯನ್ನು ಹತ್ತಿರ ಇಟ್ಟುಕೊಂಡಿತ್ತು.

ಅತ್ತೆಯ ಕತ್ತಲೆ ಕೋಣೆಯ ನೆನಪು ಬಂದಾಗಲೆಲ್ಲ ಈಗ ನನಗೆ ಈ ಕೆಲಸವೂ ನೆನಪಾಗುತ್ತದೆ. ಹುಲ್ಲಿನಡಿ ಕಳಿಯುತ್ತಿದ್ದ ಒಂದು ಕರಿ ಇಶಾಡಿನ ಪರಿಮಳದಲ್ಲಿ, ಕಣ್ಣಿಗೆ ಕಾಣದ ಎಷ್ಟೋ ಮರಿಗಳ ರಕ್ತ ತನ್ನ ಬೀಜವನ್ನು ಕಾಪಾಡಿಕೊಳ್ಳುತ್ತಿತ್ತು.

ಒಂದು ಎಚ್ಚರಿಕೆ ಹೇಳಲೇಬೇಕು. ಮಾವಿನ ಪರಿಮಳ ಮೂಸಿದರೆ ಮನುಷ್ಯರ ರೋಗನಿರೋಧಕ ಶಕ್ತಿ ಹೆಚ್ಚುತ್ತದೆ ಎಂದು ಇದರಿಂದ ಯಾರೂ ಅರ್ಥ ಮಾಡಿಕೊಳ್ಳಬಾರದು, ಯಾರೂ ಅದನ್ನು ಮಾರಲೂ ಬಾರದು. ನುಸಿಯಲ್ಲಿ ಕಂಡ ದಾರಿ ನುಸಿಯದು. ನಮಗೂ ಹೊಂದುವ ಮಾತು ಇಷ್ಟು: ರಕ್ತ ಹುಟ್ಟುವ ಜಾಗ ಮುಚ್ಚಿದ ಕೋಣೆಯಲ್ಲ. ಹೊರಗಿನ ಸುದ್ದಿ ಅಲ್ಲಿಗೆ ಮುಟ್ಟುತ್ತದೆ. ಬೆಳಕಿನ ಸುದ್ದಿ ಮುಟ್ಟುವುದನ್ನು ಆಗಲೇ ನೋಡಿದೆವು. ದಣಿವಿನ ಸುದ್ದಿಯೂ ಮುಟ್ಟುತ್ತದೆ. ತೀವ್ರ ನಿಗಾ ಘಟಕದಲ್ಲಿ ಒಂದು ವಾರ ದುಡಿದ ಕಿರಿಯ ವೈದ್ಯರ ರಕ್ತವನ್ನು ಪರೀಕ್ಷಿಸಿದಾಗ ಬಿಳಿ ಕಣಗಳು ಏರಿದ್ದವು ಎಂದು 2014ರಲ್ಲಿ ವರದಿಯಾಯಿತು. ಅದೇ ಅಧ್ಯಯನದಲ್ಲಿ ಒತ್ತಡಕ್ಕೆ ಸಿಕ್ಕ ಇಲಿಗಳ ಮಜ್ಜೆಯಲ್ಲಿ ಆಕರಕೋಶಗಳು ವಿಭಜನೆಗೆ ಇಳಿದಿದ್ದವು, ಗೂಡಿನ ಸಿಎಕ್ಸ್‌ಸಿಎಲ್12 ಇಳಿದಿತ್ತು.

ಸೋಂಕಿನ ಸುದ್ದಿಯಂತೂ ಗಂಟೆ ಬಾರಿಸಿದಂತೆ. ನಮ್ಮ ಜಿಲ್ಲೆಯವರಿಗೆ ಮಂಗನ ಕಾಯಿಲೆ ಗೊತ್ತು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ವೈರಸ್ಸು, ಉಣುಗಿನ ಕಡಿತದಿಂದ ಬರುವಂಥದ್ದು. 2024ರ ಆರಂಭದಲ್ಲಿ ಸಿದ್ದಾಪುರದ ಕಡೆ ಜೀವ ತೆಗೆಯಿತು. ಆ ಜ್ವರದಲ್ಲಿ ಬಿಳಿ ಕಣಗಳೂ ಪ್ಲೇಟ್‌ಲೆಟ್‌ಗಳೂ ಕುಸಿಯುತ್ತವೆ. ಡೆಂಗಿಯಲ್ಲೂ ಹಾಗೆಯೇ. ಮಳೆಗಾಲದಲ್ಲಿ ಕಾರವಾರದ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆಯ ಚೀಟಿ ಹಿಡಿದು ನಿಂತವರೆಲ್ಲ ಪ್ಲೇಟ್‌ಲೆಟ್ ಎಷ್ಟು ಎಂದೇ ಕೇಳುತ್ತಾರೆ. ಒಂದೂವರೆ ಲಕ್ಷಕ್ಕಿಂತ ಮೇಲಿದ್ದರೆ ಸಮಾಧಾನ. ಆ ಚೀಟಿಯಲ್ಲಿ ಆಕರಕೋಶದ ಲೆಕ್ಕ ಇರುವುದಿಲ್ಲ. ಇಳಿದ ಸಂಖ್ಯೆ ಮತ್ತೆ ಏರುವುದು ಅದರ ಸಂತತಿ ದುಡಿದದ್ದರಿಂದ. ಸೋಂಕು ಬಂದಾಗ ಉತ್ಪತ್ತಿಯಾಗುವ ಇಂಟರ್‌ಫೆರಾನ್ ಎಂಬ ಪ್ರೋಟೀನುಗಳು ಮಲಗಿದ ಆಕರಕೋಶವನ್ನೇ ಎಬ್ಬಿಸುತ್ತವೆ ಎಂದು 2009 ಮತ್ತು 2010ರಲ್ಲಿ ಎರಡು ತಂಡಗಳು ಇಲಿಗಳಲ್ಲಿ ಕಂಡವು. ಎಬ್ಬಿಸುವುದು ಒಳ್ಳೆಯದೇ. ಎಬ್ಬಿಸುತ್ತಲೇ ಇದ್ದರೆ ಆಕರಕೋಶ ಸೋಲುತ್ತದೆ, ಹೊಸ ರಕ್ತ ಕಟ್ಟುವ ಶಕ್ತಿ ಕುಂದುತ್ತದೆ. ಬಹುಕಾಲ ಎಳೆಯುವ ಸೋಂಕುಗಳಲ್ಲಿ ಜನ ಬಿಳಿಚಿಕೊಳ್ಳುವುದಕ್ಕೆ ಇರುವ ಕಾರಣಗಳಲ್ಲಿ ಇದೂ ಒಂದು.

ಮಜ್ಜೆಗೆ ನೆನಪಿನ ಶಕ್ತಿಯೂ ಇದೆ. ನಮ್ಮಲ್ಲಿ ಹುಟ್ಟಿದ ಕೂಸಿಗೆ ಕ್ಷಯದ ವಿರುದ್ಧ ಬಿಸಿಜಿ ಚುಚ್ಚುತ್ತಾರೆ. ತೋಳಿನ ಮೇಲಿನ ಆ ಸಣ್ಣ ಕಲೆ ನಮ್ಮಲ್ಲಿ ಹೆಚ್ಚಿನವರಿಗೆ ಇದೆ. ಆ ಲಸಿಕೆ ಕ್ಷಯಕ್ಕೆ ಸಂಬಂಧವಿಲ್ಲದ ಸೋಂಕುಗಳಿಂದಲೂ ಒಂದಷ್ಟು ರಕ್ಷಣೆ ಕೊಡುವುದನ್ನು ವೈದ್ಯರು ಬಹಳ ಹಿಂದೆಯೇ ಗಮನಿಸಿದ್ದರು. ಕಾರಣ ತಿಳಿದಿರಲಿಲ್ಲ. ಕೆಲವೇ ದಿನ ಬದುಕುವ ಬಿಳಿ ಕಣ ತಿಂಗಳುಗಳ ಹಿಂದಿನ ಲಸಿಕೆಯನ್ನು ಹೇಗೆ ನೆನಪಿಟ್ಟೀತು? 2020ರಲ್ಲಿ ಬಂದ ಅಧ್ಯಯನವೊಂದರಲ್ಲಿ ಬಿಸಿಜಿ ಪಡೆಯುವ ಮೊದಲು ಮತ್ತು ಪಡೆದು 90 ದಿನದ ಮೇಲೆ ಸ್ವಯಂಸೇವಕರ ಮಜ್ಜೆ ತೆಗೆದು ನೋಡಿದರು. ಬದಲಾವಣೆ ಆಕರಕೋಶ ಮತ್ತು ಅದರ ಹತ್ತಿರದ ಸಂತತಿಯಲ್ಲಿಯೇ ಇತ್ತು. ಪಾಠ ಕಲಿತವಳು ತಾಯಿ. ಮಕ್ಕಳು ಕಲಿತೇ ಹುಟ್ಟುತ್ತಾರೆ.

ಈ ಹತೋಟಿಯ ಜ್ಞಾನದಿಂದ ಆಸ್ಪತ್ರೆಯಲ್ಲಿ ನೇರವಾಗಿ ಬದಲಾದದ್ದು ಆಕರಕೋಶದ ದಾನ. ರಕ್ತದ ಕ್ಯಾನ್ಸರ್, ಥಲಸ್ಸೀಮಿಯ, ಮಜ್ಜೆಯೇ ಬತ್ತಿಹೋಗುವ ಕಾಯಿಲೆ, ಇಂಥವುಗಳಲ್ಲಿ ರೋಗಿಯ ಹಳೆಯ ಮಜ್ಜೆಯನ್ನು ಇಲ್ಲವಾಗಿಸಿ ಬೇರೆಯವರ ಆಕರಕೋಶ ಬಿತ್ತುತ್ತಾರೆ. ಭಾರತದಲ್ಲಿ ಇದು ಮೊದಲು ನಡೆದದ್ದು 1983ರಲ್ಲಿ, ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ. ಆಗ ದಾನಿಗೆ ಅರಿವಳಿಕೆ ಕೊಟ್ಟು ಸೊಂಟದ ಮೂಳೆಗೆ ಸೂಜಿ ಇಳಿಸಿ ಮಜ್ಜೆ ಹೀರಬೇಕಿತ್ತು. ಗೂಡಿನ ಹಿಡಿತವನ್ನು ಹೊರಗಿನಿಂದ ಸಡಿಲಿಸಬಹುದೆಂದು ತಿಳಿದ ಮೇಲೆ ಅದು ಹೆಚ್ಚಿನವರಿಗೆ ಬೇಕಾಗುತ್ತಿಲ್ಲ. ದೇಹದಲ್ಲೇ ಇರುವ ಜಿ-ಸಿಎಸ್‌ಎಫ್ ಎಂಬ ಪ್ರೋಟೀನನ್ನು ನಾಲ್ಕೈದು ದಿನ ಚುಚ್ಚುತ್ತಾರೆ. ಆಕರಕೋಶಗಳು ಗೂಡು ಬಿಟ್ಟು ರಕ್ತಕ್ಕೆ ಇಳಿಯುತ್ತವೆ. ಆ ದಿನಗಳಲ್ಲಿ ಮೈಕೈ ನೋವು, ತಲೆನೋವು ಇರಬಹುದು. ನಂತರ ಒಂದು ತೋಳಿನಿಂದ ರಕ್ತ ತೆಗೆದು, ಯಂತ್ರದಲ್ಲಿ ಆಕರಕೋಶ ಆರಿಸಿಕೊಂಡು, ಉಳಿದದ್ದನ್ನು ಇನ್ನೊಂದು ತೋಳಿಗೆ ಮರಳಿಸುತ್ತಾರೆ. ಕೆಲವು ಗಂಟೆಗಳ ಕೆಲಸ. ಕೊಟ್ಟದ್ದನ್ನು ದಾನಿಯ ಮಜ್ಜೆ ವಾರಗಳಲ್ಲಿ ತುಂಬಿಕೊಳ್ಳುತ್ತದೆ.

ಕಷ್ಟ ಇರುವುದು ಹೊಂದಿಕೆಯಲ್ಲಿ. ಎಚ್‌ಎಲ್‌ಎ ಎಂಬ ಗುರುತುಗಳು ರೋಗಿಗೂ ದಾನಿಗೂ ತಾಳೆಯಾಗಬೇಕು. ಒಡಹುಟ್ಟಿದವರಲ್ಲಿ ಪೂರ್ತಿ ತಾಳೆಯಾಗುವ ಸಂಭವ ನಾಲ್ಕಕ್ಕೊಂದು. ಅಲ್ಲಿ ಸಿಗದಿದ್ದರೆ ಗುರುತಿಲ್ಲದ ದಾನಿಯನ್ನು ಹುಡುಕಬೇಕು. ಒಂದೇ ಮೂಲದ ಜನರಲ್ಲಿ ಈ ಗುರುತುಗಳು ಹೊಂದುವ ಸಾಧ್ಯತೆ ಹೆಚ್ಚು. ಹಾಲಕ್ಕಿ ಒಕ್ಕಲಿಗರು, ನಾಡವರು, ಕೋಮಾರಪಂಥರು, ಹರಿಕಂತ್ರರು, ಖಾರ್ವಿಗಳು, ಗಾಬಿತರು ತಲೆತಲಾಂತರದಿಂದ ತಮ್ಮ ತಮ್ಮೊಳಗೇ ಕೊಟ್ಟು ತಂದ ಸಮುದಾಯಗಳು. ಅಂಕೋಲೆಯ ಒಂದು ಮಗುವಿಗೆ ಬೇಕಾದ ದಾನಿ ಜರ್ಮನಿಯ ಪಟ್ಟಿಯಲ್ಲಿ ಸಿಗುವುದಕ್ಕಿಂತ ಅಮದಳ್ಳಿಯಲ್ಲೋ ಬೇಲೆಕೇರಿಯಲ್ಲೋ ಹಾರವಾಡದಲ್ಲೋ ಸಿಗುವ ಸಂಭವ ಹೆಚ್ಚು. ಆ ದಾನಿಯ ಹೆಸರು ಯಾವ ಪಟ್ಟಿಯಲ್ಲೂ ಇಲ್ಲದಿದ್ದರೆ ಅವರಿಬ್ಬರೂ ಒಬ್ಬರಿಗೊಬ್ಬರು ಗೊತ್ತಾಗುವುದೇ ಇಲ್ಲ.

ದೊಡ್ಡ ಆಸ್ಪತ್ರೆಗಾಗಿ ನಮ್ಮ ಜಿಲ್ಲೆ 2019ರಲ್ಲೂ 2022ರಲ್ಲೂ ಒಟ್ಟಾಗಿ ದನಿಯೆತ್ತಿತು. ಆ ಬೇಡಿಕೆ ನ್ಯಾಯವಾದದ್ದು, ಅದನ್ನು ಬಿಡಬಾರದು. ಆದರೆ ಆಸ್ಪತ್ರೆ ಬರುವವರೆಗೆ ಕಾಯಬೇಕಾಗಿಲ್ಲದ ಕೆಲಸ ಇದೊಂದಿದೆ. ದಾತ್ರಿ, ಡಿಕೆಎಂಎಸ್ ಮುಂತಾದ ದಾನಿಪಟ್ಟಿಗಳು ಭಾರತದಲ್ಲಿ ನಡೆಯುತ್ತಿವೆ. ಹದಿನೆಂಟು ತುಂಬಿದ, ಪಟ್ಟಿಯ ವಯೋಮಿತಿ ದಾಟದ, ಆರೋಗ್ಯವಾಗಿರುವವರು ಹೆಸರು ಕೊಡಬಹುದು. ಸೂಜಿಯಿಲ್ಲ, ರಕ್ತ ತೆಗೆಯುವುದಿಲ್ಲ. ಹತ್ತಿಯ ಕಡ್ಡಿಯಿಂದ ಕೆನ್ನೆಯ ಒಳಬದಿಯನ್ನು ಸವರಿ ಕಳಿಸಬೇಕು. ಕಾರವಾರ, ಅಂಕೋಲೆಯ ಕಾಲೇಜುಗಳಲ್ಲಿ ಓದುತ್ತಿರುವ ಹುಡುಗ ಹುಡುಗಿಯರೇ, ಈ ವರ್ಷದ ರಕ್ತದಾನ ಶಿಬಿರದ ದಿನ ಆ ಕಡ್ಡಿಗಳನ್ನೂ ತರಿಸಲು ನಿಮ್ಮ ಕಾಲೇಜಿನವರನ್ನು ಕೇಳಿ.